ಪಿತ್ತಕೋಶ ತೆಗೆಸಿದ ಮೇಲೂ ಹೋಗದ ಹೊಟ್ಟೆನೋವು: ಯಾವ ಪರೀಕ್ಷೆ, ಯಾವ ಮಾತ್ರೆ, ಯಾವ ಊಟ?

ಕಲ್ಲು ಹೋಯಿತು, ಕಲ್ಲಿದ್ದ ಚೀಲವೂ ಹೋಯಿತು, ನೋವು ಮಾತ್ರ ಉಳಿದುಕೊಂಡಿತು ಎನ್ನುವವರು ಕಡಿಮೆಯಿಲ್ಲ. ಪಿತ್ತಕೋಶ ತೆಗೆಸಿಕೊಂಡ ನೂರು ಜನರಲ್ಲಿ ಹತ್ತು ಹದಿನೈದು ಮಂದಿಗಾದರೂ ತಿಂಗಳುಗಳ ನಂತರವೂ ಹೊಟ್ಟೆಯ ಏನಾದರೊಂದು ತೊಂದರೆ ಇರುತ್ತದೆ. ಮತ್ತೆ ಆಸ್ಪತ್ರೆಗೆ ಹೋದರೆ ಚೀಟಿಯಲ್ಲಿ ‘ಪೋಸ್ಟ್ ಕೊಲೆಸಿಸ್ಟೆಕ್ಟಮಿ ಸಿಂಡ್ರೋಮ್’ ಎಂದು ಬರೆದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದುಂಟು. ಆ ಉದ್ದದ ಹೆಸರಿಗೆ ‘ಆಪರೇಷನ್ ಆದಮೇಲಿನ ತೊಂದರೆ’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅದರ ಒಳಗೆ ಆರೇಳು ಬೇರೆ ಬೇರೆ ಕಾರಣಗಳು ಅಡಗಿವೆ. ಒಂದಕ್ಕೆ ಹಿಡಿಯುವ ಔಷಧ ಇನ್ನೊಂದಕ್ಕೆ ಹಿಡಿಯದು, ಕೆಲವೊಮ್ಮೆ ಇರುವುದನ್ನೇ ಕೆರಳಿಸುತ್ತದೆ. ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ನೋವಿನ ಬಗೆಯಿಂದ. ಆಮೇಲೆ ಅಪಾಯವಿಲ್ಲದ ಪರೀಕ್ಷೆಗಳು, ಅಪಾಯವಿಲ್ಲದ ಔಷಧಗಳು. ದೇಹದೊಳಗೆ ಕೊಯ್ಯುವ ಕೆಲಸ ಕಟ್ಟಕಡೆಗೆ, ಅದೂ ಗಟ್ಟಿ ಕಾರಣ ಸಿಕ್ಕಾಗ ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ತಲೆಸುತ್ತು, ವಾಕರಿಕೆ, ಹಳದಿ ವಾಂತಿ ಬಂದರೆ ‘ಪಿತ್ತ ಏರಿದೆ’ ಎನ್ನುತ್ತೇವಲ್ಲ, ಆ ಪಿತ್ತಕ್ಕೂ ಈ ಚೀಲಕ್ಕೂ ನೇರ ಸಂಬಂಧವಿಲ್ಲ. ಚೀಲ ತೆಗೆದರೆ ಪಿತ್ತರಸವೇ ಇಲ್ಲವಾಗುತ್ತದೆ ಎಂಬ ಭಯವೂ ತಪ್ಪು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಪಿತ್ತಕೋಶ ಅದರಲ್ಲಿ 30ರಿಂದ 50 ಮಿಲಿಲೀಟರಿನಷ್ಟನ್ನು ಮಂದ ಮಾಡಿ ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಹಿಂಡಿ ಬಿಡುತ್ತಿತ್ತು. ಈಗ ಆ ಸಂಗ್ರಹವಿಲ್ಲ. ರಸ ಹಗಲೂ ರಾತ್ರಿ ತೊಟ್ಟಿಕ್ಕುತ್ತಾ ಕರುಳಿಗೆ ಇಳಿಯುತ್ತದೆ. ಹೆಚ್ಚಿನವರ ದೇಹ ಆರರಿಂದ ಎಂಟು ವಾರದಲ್ಲಿ ಇದಕ್ಕೆ ಹೊಂದಿಕೊಳ್ಳುತ್ತದೆ. ಅಷ್ಟರವರೆಗಿನ ಸಣ್ಣಪುಟ್ಟ ಉಬ್ಬರ, ಸಡಿಲ ಮಲ, ಆಪರೇಷನ್ ವೇಳೆ ಹೊಟ್ಟೆಗೆ ಗಾಳಿ ತುಂಬಿಸಿದ್ದರಿಂದ ಮೊದಲ ಎರಡು ಮೂರು ದಿನ ಬರುವ ಭುಜದ ನೋವು, ಇವಕ್ಕೆ ಪರೀಕ್ಷೆಗಳ ಹಿಂದೆ ಓಡಬೇಕಾಗಿಲ್ಲ.

ಕಾಯಬಾರದ ಸ್ಥಿತಿಗಳು ಬೇರೆ. ಚಳಿಜ್ವರ, ಕಣ್ಣು ಹಳದಿಯಾಗುವುದು, ಟೀ ಡಿಕಾಕ್ಷನ್ ಬಣ್ಣದ ಮೂತ್ರ, ಬಿಳಿಚಿದ ಮಲ, ನಿಲ್ಲದ ವಾಂತಿ, ಬೆನ್ನಿಗೆ ತೂರಿ ಹೋಗುವಂಥ ನೋವು, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು. ಜ್ವರ, ಕಾಮಾಲೆ, ಬಲಪಕ್ಕೆ ನೋವು ಮೂರೂ ಒಟ್ಟಿಗಿದ್ದರೆ ಪಿತ್ತನಾಳ ಕಟ್ಟಿಕೊಂಡು ಸೋಂಕು ತಗುಲಿರಬಹುದು, ಅದು ಅದೇ ದಿನದ ತುರ್ತು. ಆಪರೇಷನ್ ಆದ ಮೊದಲ ಒಂದೆರಡು ವಾರದಲ್ಲಿ ಹೊಟ್ಟೆ ಬಿಗಿದು ಊದಿಕೊಂಡು ಜ್ವರ ಬಂದರೆ ಪಿತ್ತರಸ ಸೋರುತ್ತಿದೆಯೇ ಎಂದು ನೋಡಲೇಬೇಕು. ಐವತ್ತು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೊಟ್ಟೆಯ ಮೇಲ್ಭಾಗ ಒತ್ತಿ ಬೆವರು ಬಂದರೆ ‘ಗ್ಯಾಸ್’ ಎಂದುಕೊಳ್ಳುವ ಮುಂಚೆ ಇಸಿಜಿ ಆಗಲಿ.

ನೋವಿನ ಬಗೆ ಗುರುತಿಸುವುದು

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ನೋವು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ಬೆರಳಿಟ್ಟು ತೋರಿಸುವಷ್ಟು ಒಂದೇ ಕಡೆಯೋ ಹರಡಿಕೊಂಡದ್ದೋ, ಅದರ ಹಿಂದಿನ ಊಟ ಏನು, ಶೌಚಕ್ಕೆ ಹೋದಮೇಲೆ ಇಳಿಯಿತೇ, ಮಲ ಹೇಗಿತ್ತು, ಯಾವ ಮಾತ್ರೆ ನುಂಗಿದ್ದಿರಿ. ಈ ಒಂದು ಪುಟ ಕೆಲವೊಮ್ಮೆ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಪಿತ್ತನಾಳದ ನೋವಿಗೆ ಅದರದೇ ನಡೆ ಇದೆ. ಎದೆಗೂಡಿನ ಕೆಳಗೆ ನಡುವೆ ಅಥವಾ ಬಲಪಕ್ಕೆಯಲ್ಲಿ ಶುರುವಾಗಿ, ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಗಿಂತ ಕಡಿಮೆ ಇರುವುದಿಲ್ಲ. ಕೆಲಸ ಬಿಟ್ಟು ಕೂರುವಷ್ಟು ಜೋರು. ದಿನಾ ಬರುವುದಿಲ್ಲ, ವಾರಕ್ಕೋ ತಿಂಗಳಿಗೋ ಒಮ್ಮೆ, ಲೆಕ್ಕವಿಲ್ಲದೆ. ಹೂಸು ಬಿಟ್ಟರೆ, ಮಗ್ಗುಲು ಬದಲಿಸಿದರೆ, ಆಂಟಾಸಿಡ್ ಕುಡಿದರೆ ಇಳಿಯದು. ಆಪರೇಷನ್‌ಗೆ ಮುಂಚೆ ಬರುತ್ತಿದ್ದ ನೋವಿನ ಪಡಿಯಚ್ಚಿನಂತೆ ಇದ್ದರೆ ನಾಳದಲ್ಲಿ ಕಲ್ಲು ಉಳಿದಿದೆಯೇ ಎಂಬುದು ಮೊದಲ ಪ್ರಶ್ನೆ.

ಊಟ ಮುಗಿಯುತ್ತಿದ್ದಂತೆ ಹೊಟ್ಟೆ ಹಿಂಡಿ, ಓಡಿ ಹೋಗಿ, ಹಳದಿ ನೀರಿನಂತೆ ಸಡಿಲವಾಗಿ ಹೋದಮೇಲೆ ನೋವು ತಗ್ಗಿದರೆ, ಗುದದ ಸುತ್ತ ಉರಿಯೂ ಇದ್ದರೆ, ಅದು ಬಹುಮಟ್ಟಿಗೆ ಪಿತ್ತಾಮ್ಲದ ಭೇದಿ. ಎದೆಯುರಿ, ಹುಳಿತೇಗು, ಖಾಲಿಹೊಟ್ಟೆಯ ಉರಿ ಜಠರದ ಮಾತು. ದಿನವಿಡೀ ಉಬ್ಬರ, ಒಮ್ಮೆ ಮಲಬದ್ಧತೆ ಒಮ್ಮೆ ಸಡಿಲ, ಕಲ್ಲು ಸಿಕ್ಕುವುದಕ್ಕೂ ಮುಂಚಿನಿಂದಲೇ ಇದ್ದದ್ದು ಎಂದಾದರೆ ಅದು ಸೂಕ್ಷ್ಮಕರುಳಿನ ತೊಂದರೆ, ವೈದ್ಯರು ಐಬಿಎಸ್ ಎನ್ನುವುದು. ಇಲ್ಲಿ ಒಂದು ಕಹಿ ಸತ್ಯ ಹೇಳಬೇಕು. ಅಜೀರ್ಣಕ್ಕೆಂದು ಸ್ಕ್ಯಾನ್ ಮಾಡಿಸಿದಾಗ ಯಾವ ತಂಟೆಯನ್ನೂ ಮಾಡದ ಕಲ್ಲು ಕಣ್ಣಿಗೆ ಬಿದ್ದು, ಅದೇ ಅಪರಾಧಿ ಎಂದು ಚೀಲ ತೆಗೆಸಿಕೊಂಡವರು ಬಹಳ ಮಂದಿ ಇದ್ದಾರೆ. ಅವರ ನೋವಿಗೆ ಕಲ್ಲು ಕಾರಣವೇ ಆಗಿರಲಿಲ್ಲ, ಆದ್ದರಿಂದ ಆಪರೇಷನ್‌ನಿಂದ ಅದು ಹೋಗಲೂ ಇಲ್ಲ.

ಇನ್ನೊಂದು ಬಗೆಯನ್ನು ವೈದ್ಯರೂ ಮರೆಯುತ್ತಾರೆ, ಅದು ಹೊಟ್ಟೆಯ ಗೋಡೆಯ ನೋವು. ದುರ್ಬೀನು ತೂರಿಸಿದ ಸಣ್ಣ ಗಾಯಗಳ ಹತ್ತಿರ ಚರ್ಮದ ನರ ಸಿಕ್ಕಿಕೊಂಡಿರಬಹುದು. ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ನೋವಿರುವ ಜಾಗವನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಹಾಗೇ ಹಿಡಿದು, ಕೈ ಊರದೆ ತಲೆ ಮತ್ತು ಭುಜವನ್ನು ಮೇಲೆತ್ತಿ. ಹೊಟ್ಟೆಯ ಸ್ನಾಯು ಬಿಗಿದಾಗ ನೋವು ಹೆಚ್ಚಿದರೆ ಅಥವಾ ಅಷ್ಟೇ ಇದ್ದರೆ ತೊಂದರೆ ಗೋಡೆಯಲ್ಲಿದೆ. ಕಡಿಮೆಯಾದರೆ ಒಳಗಿದೆ. ಇದನ್ನು ಜಾನ್ ಕಾರ್ನೆಟ್ ಎಂಬ ಶಸ್ತ್ರವೈದ್ಯ 1926ರಲ್ಲಿ ವಿವರಿಸಿದ, ಒಂದು ರೂಪಾಯಿ ಖರ್ಚಿಲ್ಲ. ಗೋಡೆಯ ನೋವಾದರೆ ಆ ಬಿಂದುವಿಗೆ ಮರಗಟ್ಟಿಸುವ ಲಿಗ್ನೊಕೇನ್ ಕೆಲವು ಮಿಲಿಲೀಟರ್ ಚುಚ್ಚಿದ ಹದಿನೈದು ನಿಮಿಷದಲ್ಲಿ ಹಗುರಾಗುತ್ತದೆ. ಅದೇ ರೋಗಪತ್ತೆಯೂ ಹೌದು, ಚಿಕಿತ್ಸೆಯೂ ಹೌದು. ಕೆಮ್ಮಿದಾಗ ಹೊಕ್ಕಳಿನ ಗಾಯದಲ್ಲಿ ಉಬ್ಬು ಕಂಡರೆ ಅದು ಹರ್ನಿಯಾ, ದಾರಿ ಬೇರೆ. ಈ ಪರೀಕ್ಷೆ ಮಾಡದೆ ವರ್ಷಗಟ್ಟಲೆ ಎಂಡೋಸ್ಕೋಪಿ, ಸಿಟಿ ಎಂದು ಅಲೆಯುವುದು ನಿಜಕ್ಕೂ ಸಂಕಟದ ಸಂಗತಿ.

ಅಲ್ಟ್ರಾಸೌಂಡ್, ಎಂಆರ್‌ಸಿಪಿ, ಇಯುಎಸ್, ಇಆರ್‌ಸಿಪಿ

ನಾಳದ ನೋವು ಎಂಬ ಅನುಮಾನವಿದ್ದರೆ ಎಲ್ಲಕ್ಕಿಂತ ಮೊದಲು ರಕ್ತಪರೀಕ್ಷೆ: ಲಿವರ್ ಫಂಕ್ಷನ್, ಜೊತೆಗೆ ಅಮೈಲೇಸ್ ಅಥವಾ ಲೈಪೇಸ್. ಸಮಯ ಇಲ್ಲಿ ಮುಖ್ಯ. ಸಣ್ಣ ಕಲ್ಲು ನಾಳದ ಬಾಯಿಗೆ ಅಡ್ಡವಾಗಿ ಜಾರಿಹೋದರೆ ಎಎಲ್‌ಟಿ, ಎಎಸ್‌ಟಿ ಎಂಬ ಲಿವರ್ ಎನ್‌ಜೈಮ್‌ಗಳು ಏರಿ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತವೆ. ನೋವಿಲ್ಲದ ದಿನ ನೆಮ್ಮದಿಯಾಗಿ ಹೋಗಿ ಕೊಟ್ಟ ರಕ್ತ ‘ನಾರ್ಮಲ್’ ಬಂದರೆ ಅದರಿಂದ ತಿಳಿಯುವುದು ಕಡಿಮೆ. ಜೋರು ನೋವು ಬಂದ 24 ಗಂಟೆಯೊಳಗೆ ಒಮ್ಮೆ, ಶಾಂತವಾದ ಮೇಲೆ ಒಮ್ಮೆ ಕೊಡಿ. ಲೈಪೇಸ್ ಗರಿಷ್ಠ ಮಿತಿಯ ಮೂರು ಪಟ್ಟು ದಾಟಿದ್ದರೆ ಅದು ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ಉರಿಯೂತ.

ಲಿವರ್ ಪರೀಕ್ಷೆ ಏರುಪೇರಾದಾಗ ಅಡುಗೆಮನೆಯ ಔಷಧಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ಅಮೃತಬಳ್ಳಿ ಕಷಾಯ ದಿನಾ ಕುಡಿದವರಲ್ಲಿ ಲಿವರ್ ಉರಿಯೂತ ಬಂದದ್ದನ್ನು ಕೋವಿಡ್ ಕಾಲದಲ್ಲಿ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅರಿಶಿನದ ಸಾಂದ್ರ ಮಾತ್ರೆಗಳಿಂದಲೂ ಹೀಗಾಗಿದೆ. ಅದನ್ನು ಕಲ್ಲಿನ ಲಕ್ಷಣ ಎಂದು ಓದಿದರೆ ಬೇಡದ ದಾರಿಗೆ ಹೋಗಬೇಕಾಗುತ್ತದೆ.

ಅಲ್ಟ್ರಾಸೌಂಡ್ ಅಗ್ಗ, ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ನಾಳ ಅಗಲವಾಗಿದೆಯೇ ಎಂದು ಹೇಳುತ್ತದೆ. ನಾಳದ ಕೆಳತುದಿ ಮಾತ್ರ ಕರುಳಿನ ಗಾಳಿಯ ಹಿಂದೆ ಮರೆಯಾಗುತ್ತದೆ, ಕಲ್ಲು ಕೂರುವುದೂ ಅಲ್ಲೇ. ವರದಿಯಲ್ಲಿ ‘ಸಿಬಿಡಿ 8 ಎಂಎಂ’ ಎಂದು ನೋಡಿ ಗಾಬರಿಯಾಗಬೇಡಿ, ಸಿಬಿಡಿ ಎಂದರೆ ಮುಖ್ಯ ಪಿತ್ತನಾಳ. ಚೀಲವಿದ್ದವರಲ್ಲಿ 6 ಮಿಲಿಮೀಟರ್ ಸಾಮಾನ್ಯ ಮಿತಿ, ಚೀಲ ತೆಗೆದವರಲ್ಲಿ ನಾಳ ಕೊಂಚ ಹಿಗ್ಗುತ್ತದೆ, 10ರವರೆಗೂ ತೊಂದರೆಯಿಲ್ಲದೆ ಇರಬಹುದು. ವಯಸ್ಸಾದಂತೆ ಇನ್ನಷ್ಟು. ರಕ್ತಪರೀಕ್ಷೆ ಸರಿಯಿದ್ದು ಅಗಲ ಮಾತ್ರ ಇದ್ದರೆ ಅದೊಂದೇ ಕಾರಣಕ್ಕೆ ಮುಂದಿನ ಚಿಕಿತ್ಸೆಗೆ ಜಿಗಿಯುವಂತಿಲ್ಲ.

ಎಂಆರ್‌ಸಿಪಿ ಎಂಆರ್‌ಐ ಯಂತ್ರದಲ್ಲೇ ಆಗುವುದು. ಚುಚ್ಚುವುದಿಲ್ಲ, ವಿಕಿರಣವಿಲ್ಲ, ನಾಲ್ಕಾರು ಗಂಟೆ ಖಾಲಿಹೊಟ್ಟೆ, ಅರ್ಧ ಗಂಟೆ ಅಲುಗಾಡದೆ ಮಲಗಿ ಹೇಳಿದಾಗ ಉಸಿರು ಹಿಡಿಯುವುದು, ಅಷ್ಟೆ. ಆಪರೇಷನ್‌ನಲ್ಲಿ ಹಾಕಿದ ಟೈಟಾನಿಯಂ ಕ್ಲಿಪ್‌ಗಳಿಂದ ಅಡ್ಡಿಯಿಲ್ಲ, ಕ್ಲಿಪ್ ಇದೆ ಎಂದು ತಿಳಿಸಿದರೆ ಸಾಕು. ಇಡೀ ನಾಳದ ನಕ್ಷೆ ಸಿಗುತ್ತದೆ: ಕಿರಿದಾದ ಜಾಗ, ಉಳಿದ ಚೀಲದ ತುಂಡು, ಚೀಲವನ್ನು ಮುಖ್ಯ ನಾಳಕ್ಕೆ ಜೋಡಿಸುತ್ತಿದ್ದ ಸಿಸ್ಟಿಕ್ ನಾಳದ ಮೋಟು, ಎಲ್ಲ. ಇದರ ಕೊರತೆ ಎಂದರೆ 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ತಪ್ಪಿಹೋಗಬಹುದು.

ಇಯುಎಸ್ ಎಂದರೆ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪಿ. ಮಂಪರು ಕೊಟ್ಟು ಬಾಯಿಯ ಮೂಲಕ ಇಳಿಸುತ್ತಾರೆ. ನಾಳದ ಪಕ್ಕದಲ್ಲೇ ನಿಂತು ನೋಡುವುದರಿಂದ ಸಣ್ಣ ಕಲ್ಲು, ಮರಳಿನಂಥ ಕೆಸರು, ಪ್ಯಾಂಕ್ರಿಯಾಸ್‌ನ ಹಳೆಯ ಉರಿಯೂತ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಜಠರದ ಹುಣ್ಣನ್ನೂ ಅದೇ ಸಲ ನೋಡಬಹುದು. ನಮ್ಮ ಅಭಿಪ್ರಾಯ ಹೀಗೆ: ನೋವು ಬಂದಾಗ ಲಿವರ್ ಎನ್‌ಜೈಮ್ ಏರಿದ್ದು ಖಚಿತವಿದ್ದು ಎಂಆರ್‌ಸಿಪಿ ಖಾಲಿ ಬಂದರೆ, ಅದನ್ನೇ ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಮಾಡಿಸುವ ಬದಲು ಆ ಹಣವನ್ನು ಇಯುಎಸ್‌ಗೆ ಇಡಿ. ಹೊಟ್ಟೆಗೆ ಹಿಂದೆ ಬೇರೆ ದೊಡ್ಡ ಆಪರೇಷನ್ ಆಗಿ ಕರುಳಿನ ದಾರಿ ಬದಲಾಗಿದ್ದರೆ ಎಂಆರ್‌ಸಿಪಿಯೇ ಸರಿ.

ಇಆರ್‌ಸಿಪಿಯನ್ನು ಈ ಸಾಲಿನಲ್ಲಿ ಇನ್ನೊಂದು ‘ಟೆಸ್ಟ್’ ಎಂದು ಎಣಿಸಬೇಡಿ. ಅದು ಚಿಕಿತ್ಸೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳದ ಬಾಯಿಯನ್ನು ಒಳಗಿನಿಂದ ಸ್ವಲ್ಪ ಕೊಯ್ದು ಕಲ್ಲು ಎಳೆದು ತೆಗೆಯುತ್ತಾರೆ. ಕಲ್ಲು ಕಂಡಿದ್ದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಮಾಡಿಸಿಕೊಂಡ ನೂರು ಮಂದಿಯಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಪ್ಯಾಂಕ್ರಿಯಾಸ್ ಉರಿಯೂತ ಬರುತ್ತದೆ. ರಕ್ತಸ್ರಾವ, ಕರುಳಿಗೆ ತೂತು ಅಪರೂಪ, ಇಲ್ಲವೆಂದಲ್ಲ. ಕಲ್ಲಿಲ್ಲದ, ಬಿಲಿರುಬಿನ್ ಸರಿಯಿರುವ, ನಾಳ ಹಿಗ್ಗದ ಮಹಿಳೆಯರಲ್ಲೇ ಈ ಅಪಾಯ ಹೆಚ್ಚು ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಅಂದರೆ ‘ಏನೂ ಸಿಗುತ್ತಿಲ್ಲ, ಒಂದು ಸಲ ಇಆರ್‌ಸಿಪಿ ಮಾಡಿ ನೋಡೋಣ’ ಎಂಬ ಮಾತು ಕೇಳಿಬರುವುದು ಯಾರ ಮುಂದೆಯೋ, ಅವರಿಗೇ ಅದು ಹೆಚ್ಚು ಹಾನಿ ಮಾಡೀತು.

ಆ ಮಾತಿನ ಹಿಂದೆ ಇರುವುದು ‘ಸ್ಫಿಂಕ್ಟರ್ ಆಫ್ ಆಡಿ’ ಎಂಬ ಸ್ನಾಯುವಿನ ಬಳೆ. ಪಿತ್ತನಾಳ ಕರುಳು ಸೇರುವ ಬಾಯಲ್ಲಿ ಅದು ಬಾಗಿಲಿನಂತೆ ಇದೆ. ಚೀಲವಿದ್ದಾಗ ಬಾಗಿಲು ಮುಚ್ಚಿದರೂ ಒತ್ತಡ ಚೀಲಕ್ಕೆ ಹೋಗುತ್ತಿತ್ತು, ಈಗ ಅದು ಹಿಡಿದುಕೊಂಡರೆ ಒತ್ತಡವೆಲ್ಲ ನಾಳದ ಮೇಲೆಯೇ ಎಂಬುದು ವಾದ. ನಾಳ ಹಿಗ್ಗಿದ್ದು, ನೋವಿನ ಜೊತೆಗೇ ಎನ್‌ಜೈಮ್ ಪ್ರತಿಸಲ ಏರುತ್ತಿದ್ದರೆ ಈ ಬಳೆಯನ್ನು ಕೊಯ್ಯುವುದರಿಂದ ಉಪಯೋಗವಿದೆ. ಎರಡರಲ್ಲಿ ಒಂದು ಮಾತ್ರ ಇದ್ದರೆ ತೂಗಿ ನೋಡಬೇಕು. ಎರಡೂ ಇಲ್ಲದೆ ನೋವು ಮಾತ್ರ ಇದ್ದವರ ಪ್ರಶ್ನೆಗೆ ಅಮೆರಿಕದಲ್ಲಿ ನಡೆದ ಎಪಿಸೋಡ್ ಎಂಬ ಪ್ರಯೋಗ 2014ರಲ್ಲಿ ಉತ್ತರ ಕೊಟ್ಟಿತು. ಪಿತ್ತಕೋಶ ತೆಗೆದ 214 ಮಂದಿಯಲ್ಲಿ ಕೆಲವರಿಗೆ ನಿಜವಾಗಿ ಬಳೆ ಕೊಯ್ದರು, ಉಳಿದವರಿಗೆ ಕೊಯ್ಯದೆ ಹಾಗೇ ಹೊರಬಂದರು, ಯಾರಿಗೆ ಏನಾಯಿತೆಂದು ರೋಗಿಗೆ ಹೇಳಲಿಲ್ಲ. ಕೊಯ್ದವರಲ್ಲಿ ಶೇಕಡಾ 23 ಮಂದಿಗೆ ಗುಣ ಕಂಡಿತು. ಕೊಯ್ಯದವರಲ್ಲಿ ಶೇಕಡಾ 37 ಮಂದಿಗೆ. ಅಲ್ಲಿಂದ ಈಚೆಗೆ ನೋವು ಮಾತ್ರ ಇರುವ ಈ ಮೂರನೆಯ ಗುಂಪಿಗೆ ಕೊಯ್ಯುವುದನ್ನು ಪರಿಣತರು ಕೈಬಿಟ್ಟಿದ್ದಾರೆ. ಸಹಿ ಹಾಕುವ ಮುಂಚೆ ಕೇಳಿ: ನನ್ನ ನಾಳದ ಅಗಲ ಎಷ್ಟು, ನೋವಿನ ದಿನದ ಎನ್‌ಜೈಮ್ ಎಷ್ಟಿತ್ತು, ಇಯುಎಸ್‌ನಲ್ಲಿ ಏನು ಕಂಡಿತು, ಉರಿಯೂತ ತಡೆಯಲು ಗುದದ್ವಾರದಲ್ಲಿ ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ ಇಡುತ್ತೀರಾ?

ನೀವು ಒಯ್ಯಲೇಬೇಕಾದ ಕಾಗದ ಡಿಸ್ಚಾರ್ಜ್ ಸಮ್ಮರಿಯಲ್ಲ, ಆಪರೇಷನ್ ನೋಟ್. ಉರಿಯೂತ ಜೋರಿದ್ದಾಗ ಚೀಲವನ್ನು ಪೂರ್ತಿ ಬಿಡಿಸಲಾಗದೆ ಕತ್ತಿನ ಭಾಗ ಉಳಿಸಿಬರುವುದು ಸುರಕ್ಷಿತ ಕ್ರಮವೇ, ಅದಕ್ಕೆ ‘ಸಬ್‌ಟೋಟಲ್’ ಎಂದು ಬರೆದಿರುತ್ತಾರೆ. ಆ ತುಂಡಿನಲ್ಲಿ ಮತ್ತೆ ಕಲ್ಲು ಕಟ್ಟಬಹುದು. ತೆಗೆದ ಚೀಲದ ಬಯಾಪ್ಸಿ ವರದಿಯನ್ನೂ ಕೇಳಿ ಪಡೆಯಿರಿ.

ಭೇದಿಯ ಜೊತೆಗಿನ ನೋವು: ನಾಲ್ಕು ಆಯ್ಕೆಗಳು

ಇದು ಸುಲಭವಾಗಿ ಗುಣವಾಗುವ ಬಗೆ, ಸುಲಭವಾಗಿ ಕಣ್ತಪ್ಪುವ ಬಗೆಯೂ ಹೌದು. ಪಿತ್ತಾಮ್ಲದ ಶೇಕಡಾ 95ರಷ್ಟು ಸಣ್ಣಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಲಿವರ್‌ಗೆ ಮರಳುತ್ತದೆ. ಬಿಡುವಿಲ್ಲದೆ ಇಳಿಯುವ ರಸದಲ್ಲಿ ಹೀರಲಾಗದ ಪಾಲು ದೊಡ್ಡಕರುಳಿಗೆ ಬಿದ್ದರೆ ಅದು ನೀರು ಬಿಡುತ್ತದೆ, ಹಿಂಡುತ್ತದೆ.

ಔಷಧ ಆರಿಸುವ ಮುಂಚೆ ಈಗ ನುಂಗುತ್ತಿರುವುದನ್ನು ನೋಡಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಭೇದಿ ತರುತ್ತದೆ. ಆಪರೇಷನ್ ಆದಮೇಲೆ ‘ಲಿವರ್‌ಗೆ ಒಳ್ಳೆಯದು’ ಎಂದು ತಿಂಗಳುಗಟ್ಟಲೆ ಮುಂದುವರಿಸುವ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಸ್ವತಃ ಪಿತ್ತಾಮ್ಲ, ಅದೂ ತರುತ್ತದೆ. ಮೆಗ್ನೀಸಿಯಂ ಇರುವ ಆಂಟಾಸಿಡ್, ದೀರ್ಘಕಾಲ ನುಂಗುವ ಆಸಿಡ್ ಮಾತ್ರೆ ಪ್ಯಾಂಟೊಪ್ರಝೋಲ್ ಕೂಡ. ವೈದ್ಯರನ್ನು ಕೇಳಿ ಒಂದೊಂದನ್ನೇ ಬದಲಿಸಿ ಎರಡು ವಾರ ನೋಡಿದರೆ ಕೆಲವರಿಗೆ ಅಲ್ಲಿಗೇ ಮುಗಿಯುತ್ತದೆ.

ಕೊಲೆಸ್ಟೈರಮೀನ್ ಪುಡಿ ಪಿತ್ತಾಮ್ಲವನ್ನು ಕರುಳಿನಲ್ಲೇ ಕಟ್ಟಿಹಾಕಿ ಮಲದೊಂದಿಗೆ ಹೊರಹಾಕುತ್ತದೆ. ದಿನಕ್ಕೆ ಒಮ್ಮೆ 4 ಗ್ರಾಂ ಅಥವಾ ಅದರ ಅರ್ಧದಿಂದ ಆರಂಭಿಸಿ, ವಾರಕ್ಕೊಮ್ಮೆ ಏರಿಸುತ್ತಾರೆ. ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಲೋಟ ನೀರು ಅಥವಾ ತೆಳು ಮಜ್ಜಿಗೆಯಲ್ಲಿ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಕಲಕಿ ಕುಡಿಯಿರಿ. ಮರಳು ಮರಳು ರುಚಿ. ಬಹಳ ಮಂದಿ ಬಿಟ್ಟುಬಿಡುವುದು ಈ ರುಚಿಗೆ ಮತ್ತು ಉಬ್ಬರಕ್ಕೆ. ಹೆಚ್ಚಾದರೆ ಮಲಬದ್ಧತೆ, ಆಗ ಪ್ರಮಾಣ ಇಳಿಸಬೇಕು, ನಿಲ್ಲಿಸಬೇಕಾಗಿಲ್ಲ. ದೊಡ್ಡ ತೊಡಕು ಬೇರೆ: ಇದು ಪಿತ್ತಾಮ್ಲದ ಜೊತೆಗೆ ಬೇರೆ ಮಾತ್ರೆಗಳನ್ನೂ ಕಟ್ಟಿಹಾಕುತ್ತದೆ. ಥೈರಾಯ್ಡ್ ಮಾತ್ರೆ, ವಾರ್ಫರಿನ್, ಡಿಗಾಕ್ಸಿನ್, ಗರ್ಭನಿರೋಧಕ ಮಾತ್ರೆ ಎಲ್ಲಕ್ಕೂ ಅಂತರ ಬೇಕು. ಬೇರೆ ಮಾತ್ರೆ ಪುಡಿಗೆ ಒಂದು ಗಂಟೆ ಮುಂಚೆ, ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ. ಥೈರಾಯ್ಡ್ ಮಾತ್ರೆಗೆ ಎರಡೂ ಕಡೆ ನಾಲ್ಕು ಗಂಟೆ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ರಾತ್ರಿ ಊಟಕ್ಕೆ ಪುಡಿ ಎಂದಿಟ್ಟುಕೊಂಡರೆ ತಂಟೆಯಿಲ್ಲ. ವರ್ಷಗಟ್ಟಲೆ ತೆಗೆದುಕೊಳ್ಳುವವರು ವಿಟಮಿನ್ ಡಿ ನೋಡಿಸಿಕೊಳ್ಳಬೇಕು. ಎ, ಇ, ಕೆ ಕೂಡ ಕಡಿಮೆಯಾಗಬಹುದು.

ಕೊಲೆಸೆವೆಲಾಂ ಅದೇ ಕೆಲಸದ ಮಾತ್ರೆ, 625 ಮಿಲಿಗ್ರಾಂ. ಗಾತ್ರ ದೊಡ್ಡದು, ಬೆಲೆಯೂ. ಹೊಟ್ಟೆ ಉಬ್ಬರ ಕಡಿಮೆ, ಬೇರೆ ಔಷಧಗಳ ಜೊತೆ ಜಗಳವೂ ಕಡಿಮೆ, ಇಲ್ಲವೆಂದಲ್ಲ. ಸಕ್ಕರೆಯನ್ನೂ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅನ್ನೂ ಕೊಂಚ ಇಳಿಸುವುದರಿಂದ ಡಯಾಬಿಟಿಸ್ ಇರುವವರಿಗೆ ಇದು ಒಳ್ಳೆಯ ಆಯ್ಕೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 500 ದಾಟಿದ್ದವರಿಗೆ ಮಾತ್ರ ಬೇಡ, ಅದು ಇನ್ನಷ್ಟು ಏರುತ್ತದೆ. ಪುಡಿ ಹಿಡಿಸಿದರೆ ಪುಡಿಯಲ್ಲೇ ಇರಿ. ಹಿಡಿಸದಿದ್ದರೆ ‘ಈ ಚಿಕಿತ್ಸೆಯೇ ನನಗಾಗದು’ ಎಂದುಕೊಳ್ಳದೆ ಮಾತ್ರೆಗೆ ಬದಲಿಸಿ.

ಇಸಬ್‌ಗೋಲ್ ಎಲ್ಲ ಔಷಧದಂಗಡಿಯಲ್ಲಿ ಸಿಗುತ್ತದೆ. ಮಲಬದ್ಧತೆಗಷ್ಟೇ ಎಂಬ ನಂಬಿಕೆ ಸರಿಯಲ್ಲ, ಅದು ನೀರು ಹೀರಿ ಸಡಿಲ ಮಲಕ್ಕೂ ಆಕಾರ ಕೊಡುತ್ತದೆ. ದಿನಕ್ಕೆ ಒಂದು ಟೀ ಚಮಚದಿಂದ ಶುರುಮಾಡಿ, ಲೋಟ ತುಂಬ ಮಜ್ಜಿಗೆ ಅಥವಾ ನೀರಿನೊಂದಿಗೆ. ಒಮ್ಮೆಗೇ ಎರಡು ಮೂರು ಚಮಚ ಹಾಕಿಕೊಂಡರೆ ಉಬ್ಬರ ಖಂಡಿತ. ತೊಂದರೆ ದಿನಕ್ಕೆ ಎರಡು ಮೂರು ಸಡಿಲ ಮಲದಷ್ಟೇ ಇದ್ದರೆ ಮೊದಲು ಇದನ್ನೇ ಮೂರು ವಾರ ನೋಡಿ.

ಲೋಪೆರಮೈಡ್ ಪ್ರಯಾಣದ ದಿನಕ್ಕೆ, ಮದುವೆಮನೆಗೆ, ಪರೀಕ್ಷೆಯ ಬೆಳಿಗ್ಗೆಗೆ. 2 ಮಿಲಿಗ್ರಾಂ ಮಾತ್ರೆ ಹೊರಡುವ ಅರ್ಧ ಮುಕ್ಕಾಲು ಗಂಟೆ ಮುಂಚೆ. ಕಾರಣವನ್ನು ಅದು ಮುಟ್ಟುವುದಿಲ್ಲ, ಜ್ವರ ಅಥವಾ ರಕ್ತ ಇರುವ ಭೇದಿಗೆ ಕೊಡಬಾರದು.

ಪಿತ್ತಾಮ್ಲ ಸೋರುವುದನ್ನು ಅಳೆಯುವ ಸೆಹ್‌ಕ್ಯಾಟ್ ಎಂಬ ಸ್ಕ್ಯಾನ್ ಬ್ರಿಟನ್ನಿನಲ್ಲಿದೆ, ಅಲ್ಲಿರುವ ಕನ್ನಡಿಗರು ಜಿಪಿಯನ್ನು ಕೇಳಬಹುದು. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಎರಡು ವಾರ ಪುಡಿ ಕೊಟ್ಟು ನೋಡುತ್ತಾರೆ, ಇಳಿದರೆ ಅದೇ ಉತ್ತರ. ಅಮೆರಿಕದಲ್ಲಿರುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಭೇದಿಯ ಐಬಿಎಸ್‌ಗೆ ಕೊಡುವ ಎಲುಕ್ಸಡೊಲಿನ್ ಮಾತ್ರೆ ಪಿತ್ತಕೋಶವಿಲ್ಲದವರಿಗೆ ನಿಷಿದ್ಧ. ಪ್ಯಾಂಕ್ರಿಯಾಸ್ ಉರಿಯೂತದ ಪ್ರಕರಣಗಳ ನಂತರ ಎಫ್‌ಡಿಎ 2017ರಲ್ಲೇ ಇದನ್ನು ಸಾರಿದೆ. ಮಲ ಜಿಡ್ಡಾಗಿ, ತೇಲಿ, ನೀರು ಹೊಯ್ದರೂ ಅಂಟಿಕೊಂಡು, ತೂಕವೂ ಇಳಿಯುತ್ತಿದ್ದರೆ ಇದು ಬೇರೆ ಕಥೆ. ಮಲದ ಎಲಾಸ್ಟೇಸ್ ಪರೀಕ್ಷೆ ಮಾಡಿಸಿ. 200ಕ್ಕಿಂತ ಕಡಿಮೆ ಬಂದರೆ ಪ್ಯಾಂಕ್ರಿಯಾಸ್ ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಬೇಕು.

ಉರಿ ಮತ್ತು ತೇಗು

ಇಲ್ಲಿ ಪ್ಯಾಂಟೊಪ್ರಝೋಲ್ 40 ಮಿಲಿಗ್ರಾಂ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ, ನಾಲ್ಕರಿಂದ ಎಂಟು ವಾರ. ಊಟವಾದ ಮೇಲೆ ನುಂಗಿದರೆ ಅರ್ಧ ಫಲ. ಡೋಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ವಾಕರಿಕೆ ಇದ್ದರೆ ಕೆಲವು ದಿನಕ್ಕೆ ಸರಿ, ವರ್ಷಪೂರ್ತಿ ನುಂಗುವುದಕ್ಕಲ್ಲ, ಹೃದಯದ ಬಡಿತವನ್ನು ಅದು ಕೆಡಿಸಬಲ್ಲದು. ಜಠರದ ಹುಣ್ಣಿಗೆ ಕಾರಣವಾಗುವ ಎಚ್ ಪೈಲೋರಿ ಬ್ಯಾಕ್ಟೀರಿಯಾ ನಮ್ಮ ನಾಡಿನಲ್ಲಿ ಬಹಳ ಸಾಮಾನ್ಯ. ಮಲದ ಆಂಟಿಜೆನ್ ಅಥವಾ ಉಸಿರಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆದರೆ ಅದಕ್ಕೆ ಎರಡು ವಾರ ಮುಂಚೆ ಪ್ಯಾಂಟೊಪ್ರಝೋಲ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಇದ್ದರೂ ಇಲ್ಲವೆಂದು ಬರುತ್ತದೆ. ಎರಡು ತಿಂಗಳು ಸರಿಯಾಗಿ ನುಂಗಿಯೂ ಉರಿ ತಗ್ಗದೆ ಬಾಯಿ ಕಹಿಯಾಗಿ ಹಸಿರು ಹಳದಿ ವಾಂತಿ ಬರುತ್ತಿದ್ದರೆ ಪಿತ್ತರಸ ಹಿಂದಕ್ಕೆ ಜಠರಕ್ಕೆ ಏರುತ್ತಿರಬಹುದು. ಅದು ಎಂಡೋಸ್ಕೋಪಿಯಲ್ಲಿ ಕಾಣುತ್ತದೆ. ಅಲ್ಲಿ ಆಸಿಡ್ ಮಾತ್ರೆ ಏರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ, ಸುಕ್ರಾಲ್‌ಫೇಟ್ ಹೆಚ್ಚು ಹೊಂದುತ್ತದೆ. ಮೇಲೆ ದೂರಿದ ಅರ್ಸೋಡಿಆಕ್ಸಿಕೋಲಿಕ್ ಆಸಿಡ್‌ಗೂ ಇಲ್ಲಿ ನಿಜವಾದ ಕೆಲಸವಿದೆ.

ನೋವಿಗೆಂದೇ ಇರುವ ಮಾತ್ರೆಗಳು

ನೋವು ಜೋರಾದಾಗ ಕ್ಲಿನಿಕ್ಕಿನಲ್ಲಿ ಟ್ರಮಡಾಲ್ ಇಂಜೆಕ್ಷನ್ ಕೊಡುವುದು ವಾಡಿಕೆ. ಟ್ರಮಡಾಲ್, ಕೊಡೀನ್‌ಗಳಂಥ ಅಫೀಮು ವರ್ಗದ ಔಷಧಗಳು ನಾಳದ ಬಾಯಿಯ ಆ ಬಳೆಯನ್ನು ಬಿಗಿಯಬಲ್ಲವು, ಕರುಳನ್ನೂ ನಿಧಾನಿಸುತ್ತವೆ. ಪಿತ್ತಕೋಶವಿಲ್ಲ ಎಂದು ಮೊದಲೇ ಹೇಳಿ. ಮೂತ್ರಪಿಂಡ, ಹುಣ್ಣು, ಹೃದಯದ ತೊಂದರೆಗಳಿಲ್ಲದವರಿಗೆ ಒಮ್ಮೆಯ ಡೈಕ್ಲೊಫೆನಾಕ್ ನಾಳದ ನೋವಿಗೆ ಚೆನ್ನಾಗಿ ಹಿಡಿಯುತ್ತದೆ, ದಿನಾ ನುಂಗಿದರೆ ಅದೇ ಹುಣ್ಣು ತರುತ್ತದೆ.

ಹಿಂಡುವ ಕರುಳಿನ ನೋವಿಗೆ ಡ್ರೊಟಾವೆರಿನ್ ಆಗಿಂದಾಗ, ಮೆಬೆವೆರಿನ್ ದಿನನಿತ್ಯ. ಮೆಬೆವೆರಿನ್ 135 ಮಿಲಿಗ್ರಾಂ ಊಟಕ್ಕೆ ಇಪ್ಪತ್ತು ನಿಮಿಷ ಮುಂಚೆ, ದಿನಕ್ಕೆ ಮೂರು ಸಲ. ನೋವು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಜಠರದಲ್ಲಿ ಕರಗದ ಹೊದಿಕೆಯ ಪುದೀನ ಎಣ್ಣೆಯ ಕ್ಯಾಪ್ಸೂಲ್ ಉಬ್ಬರವೂ ಇದ್ದವರಿಗೆ ಒಳ್ಳೆಯದು, ಎದೆಯುರಿ ಇದ್ದವರಿಗೆ ಅಲ್ಲ.

ಇವಕ್ಕೂ ಬಗ್ಗದೆ ವಾರಕ್ಕೆ ಮೂರು ನಾಲ್ಕು ದಿನ ನೋವು ಉಳಿದರೆ ಅಮಿಟ್ರಿಪ್ಟಿಲಿನ್. ಹೆಸರು ಕೇಳಿ ‘ನನಗೆ ಮಾನಸಿಕ ಎನ್ನುತ್ತಿದ್ದಾರೆ’ ಎಂದು ಮನಸ್ಸು ಮುರಿದುಕೊಳ್ಳಬೇಡಿ. ಖಿನ್ನತೆಗೆ ಕೊಡುವುದು 75 ಮಿಲಿಗ್ರಾಂನಿಂದ ಮೇಲೆ. ಇಲ್ಲಿ ರಾತ್ರಿ 10 ಮಿಲಿಗ್ರಾಂ, ಹೆಚ್ಚೆಂದರೆ 30. ವರ್ಷಗಟ್ಟಲೆ ನೋವು ಸಾಗಿಸಿ ಚುರುಕಾಗಿಬಿಟ್ಟ ಕರುಳಿನ ನರಗಳನ್ನು ಅದು ಶಾಂತಗೊಳಿಸುತ್ತದೆ. ಬ್ರಿಟನ್ನಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಟ್ಲಾಂಟಿಸ್ ಪ್ರಯೋಗದಲ್ಲಿ ಈ ಸಣ್ಣ ಪ್ರಮಾಣವೇ ಹುಸಿಮಾತ್ರೆಗಿಂತ ಸ್ಪಷ್ಟವಾಗಿ ಮೇಲಾಯಿತು. ಫಲ ಕಾಣಲು ಮೂರರಿಂದ ಆರು ವಾರ ಬೇಕು. ಬಾಯಿ ಒಣಗುವುದು, ಬೆಳಗಿನ ಮಂಪರು ಮೊದಲ ದಿನದಿಂದಲೇ ಬರುತ್ತದೆ. ಕೆಲವರು ಫಲ ಬರುವ ಮುಂಚೆ ಬಿಟ್ಟರೆ ಆಶ್ಚರ್ಯವಿಲ್ಲ, ಆದ್ದರಿಂದ ಸಂಜೆ ಎಂಟಕ್ಕೇ ನುಂಗಿ, ಮಂಪರು ಬೆಳಿಗ್ಗೆಗೆ ಇಳಿದಿರುತ್ತದೆ. ಸಡಿಲ ಮಲದವರಿಗೆ ಇದರ ಮಲ ಬಿಗಿಸುವ ಗುಣವೂ ಲಾಭ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಹೃದಯಬಡಿತದ ದೋಷ ಇದ್ದವರಿಗೆ ಬೇಡ. ಇಲ್ಲಿ ಹೇಳಿದ ಪ್ರಮಾಣಗಳೆಲ್ಲ ವಯಸ್ಕರಿಗೆ ಸಾಮಾನ್ಯವಾಗಿ ಕೊಡುವಂಥವು. ನಿಮ್ಮ ಇತರ ಕಾಯಿಲೆಗಳನ್ನು ಬಲ್ಲ ವೈದ್ಯರು ಚೀಟಿ ಬರೆಯಬೇಕು.

ಊಟ: ಜಿಡ್ಡನ್ನು ಬಿಡುವುದೋ ಹಂಚುವುದೋ

ಎಣ್ಣೆ, ತುಪ್ಪ, ತೆಂಗಿನಕಾಯಿ ಪೂರ್ತಿ ಬಿಟ್ಟು ಗಂಜಿಯಲ್ಲೇ ದಿನ ದೂಡುವವರಿದ್ದಾರೆ. ಆರು ತಿಂಗಳಲ್ಲಿ ಸೊರಗುತ್ತಾರೆ, ಊಟವೆಂದರೆ ಹೆದರುತ್ತಾರೆ, ನೋವು ಆದರೂ ಇರುತ್ತದೆ. ಪಿತ್ತರಸ ಇದೆ, ಜಿಡ್ಡು ಅರಗುತ್ತದೆ. ಒಂದೇ ಊಟದಲ್ಲಿ ರಾಶಿ ಬಿದ್ದರೆ ಅದಕ್ಕೆ ಸಾಕಾಗುವಷ್ಟು ಒಮ್ಮೆಗೇ ಬರುವುದಿಲ್ಲ, ಅಷ್ಟೆ. ಒಂದು ಹೊತ್ತಿಗೆ 10ರಿಂದ 12 ಗ್ರಾಂ ಜಿಡ್ಡು ಎಂದಿಟ್ಟುಕೊಂಡು ದಿನಕ್ಕೆ ನಾಲ್ಕೈದು ಸಣ್ಣ ಊಟಕ್ಕೆ ಹಂಚುವುದೇ ಮೇಲು.

ಲೆಕ್ಕ ಹೀಗೆ. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಸುಮಾರು 5 ಗ್ರಾಂ. ಒಂದು ಮೊಟ್ಟೆ 5. ಟೋನ್ಡ್ ಹಾಲು 200 ಮಿಲಿಲೀಟರಿನಲ್ಲಿ 6, ಫುಲ್ ಕ್ರೀಮ್ ಹಾಲಿನಲ್ಲಿ 12. ಹಿಡಿ ಶೇಂಗಾ, ಅಂದರೆ 30 ಗ್ರಾಂ, 15ರ ಹತ್ತಿರ. ಅಷ್ಟೇ ತೂಕದ ಹಸಿ ತೆಂಗಿನ ತುರಿ 10ರಿಂದ 12. ಇಡ್ಲಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಇಡ್ಲಿ ತಿಂದು ನೋವು ಬಂತು ಎನ್ನುವವರು ಚಟ್ನಿಯ ಬಟ್ಟಲನ್ನೂ ಪಕ್ಕದ ವಡೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬೆಣ್ಣೆದೋಸೆಯ ಮೇಲಿನ ಒಂದು ದೊಡ್ಡ ಚಮಚ ಬೆಣ್ಣೆಯೇ 12 ಗ್ರಾಂ. ಹಬ್ಬದ ದಿನ ಹೋಳಿಗೆಗೆ ತುಪ್ಪ ಬೇಕಿದ್ದರೆ ಅದೇ ಎಲೆಯ ಬೋಂಡ, ಹಪ್ಪಳ ಬಿಡಿ. ಎರಡೂ ಒಂದೇ ಹೊತ್ತಿಗೆ ಬೇಡ.

ಮುದ್ದೆ, ಅನ್ನ, ತಿಳಿಸಾರು, ಹೆಸರುಬೇಳೆ, ಕುಂಬಳ, ಸೋರೆ, ಹೀರೆ, ಪಚ್ಚಬಾಳೆ ಹೆಚ್ಚಿನವರಿಗೆ ಹಿಡಿಸುತ್ತವೆ. ಉಬ್ಬರ ಮುಂದಿರುವವರು ಜಿಡ್ಡಿಗಿಂತ ಮೊದಲು ಈರುಳ್ಳಿ, ಬೆಳ್ಳುಳ್ಳಿ, ಅವರೆಕಾಳು, ಕಡಲೆ, ಹಾಲನ್ನು ಅನುಮಾನಿಸಿ. ದಕ್ಷಿಣ ಭಾರತದಲ್ಲಿ ಹಾಲಿನ ಸಕ್ಕರೆ ಅರಗದವರು ತುಂಬ ಮಂದಿ, ಅವರಿಗೆ ಮಜ್ಜಿಗೆ ಹಿಡಿಸುತ್ತದೆ ಹಾಲು ಹಿಡಿಸದು. ಎಲ್ಲವನ್ನೂ ಒಟ್ಟಿಗೆ ಬಿಡದೆ ಒಂದನ್ನು ಎರಡು ವಾರ ಬಿಟ್ಟು, ವ್ಯತ್ಯಾಸ ಕಾಣದಿದ್ದರೆ ಮತ್ತೆ ಸೇರಿಸಿ. ಖಾಲಿಹೊಟ್ಟೆಗೆ ಸ್ಟ್ರಾಂಗ್ ಕಾಫಿ ಸಡಿಲ ಮಲದವರನ್ನು ಓಡಿಸುತ್ತದೆ; ಎರಡು ಇಡ್ಲಿಯ ನಂತರ ಕುಡಿದರೆ ಹಲವರಿಗೆ ತಂಟೆಯಿಲ್ಲ.

ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದು ‘ಲಿವರ್ ತೊಳೆಯುವ’ ಕ್ರಮವನ್ನು ಮಾತ್ರ ಮುಟ್ಟಬೇಡಿ. ಮಲದಲ್ಲಿ ಬೀಳುವ ಹಸಿರು ಗುಂಡುಗಳು ಕಲ್ಲಲ್ಲ, ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ನಾಳದಲ್ಲಿ ನಿಜವಾಗಿ ಕಲ್ಲಿದ್ದವರಿಗೆ ಅಷ್ಟು ಎಣ್ಣೆ ಒಮ್ಮೆಗೇ ಇಳಿದರೆ ನೋವು ಕೆರಳಿ ಆಸ್ಪತ್ರೆ ಸೇರಬೇಕಾದೀತು.

ಯಾರ ಬಳಿ ಹೋಗುವುದು ಎಂಬುದಕ್ಕೆ ಹೆಚ್ಚು ಯೋಚನೆ ಬೇಡ. ಮೊದಲ ಎರಡು ತಿಂಗಳು ಆಪರೇಷನ್ ಮಾಡಿದ ಸರ್ಜನ್, ಆಮೇಲೆ ಗ್ಯಾಸ್ಟ್ರೋಎಂಟರಾಲಜಿಸ್ಟ್. ಗಾಯದ ಜಾಗದ ನೋವಾದರೆ ಮತ್ತೆ ಸರ್ಜನ್ ಅಥವಾ ಪೇನ್ ಕ್ಲಿನಿಕ್. ಒಂದು ಔಷಧ ಹಿಡಿಸಿ ಮೂರು ತಿಂಗಳು ನೆಮ್ಮದಿಯಾಗಿ ಕಳೆದರೆ ಅದನ್ನು ಇಳಿಸಿ ನೋಡುವ ಮಾತು ಎತ್ತಿ. ಕೊಲೆಸ್ಟೈರಮೀನ್‌ನ್ನು ದಿನ ಬಿಟ್ಟು ದಿನ ಮಾಡಿ ಎರಡು ವಾರ. ಅಮಿಟ್ರಿಪ್ಟಿಲಿನ್ ಆರು ತಿಂಗಳಾದ ಮೇಲೆ, ತಿಂಗಳಿಗೆ 10 ಮಿಲಿಗ್ರಾಂನಂತೆ. ತೊಂದರೆ ಮರಳಿದರೆ ಹಿಂದಿನ ಪ್ರಮಾಣಕ್ಕೆ ಹೋಗಿ. ನೋವಿನ ಬಗೆಯೇ ಬದಲಾದರೆ, ಉದಾಹರಣೆಗೆ ದಿನಾ ಹಿಂಡುತ್ತಿದ್ದದ್ದು ತಿಂಗಳಿಗೊಮ್ಮೆ ಬಂದು ಗಂಟೆಗಟ್ಟಲೆ ನಿಲ್ಲುವ ನೋವಾದರೆ, ಹಳೆಯ ಚೀಟಿಯ ಮಾತ್ರೆ ಹೆಚ್ಚಿಸಬೇಡಿ. 24 ಗಂಟೆಯೊಳಗೆ ರಕ್ತ ಕೊಟ್ಟು, ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿ.